ಏಳನೇ ಮನೆಯ ಗೋಡೆಯಲ್ಲಿ ಎರಡು ಬೆನ್ನು

ನನ್ನ ಗಂಡನ ಬೆನ್ನನ್ನು ನಾನು ಗುರುತು ಹಿಡಿದದ್ದು ಇನ್ನೊಬ್ಬಳ ಮನೆಯ ಗೋಡೆಯೊಳಗೆ.

ಮಾರ್ಚ್ ತಿಂಗಳ ಮೊದಲ ವಾರ, ಬೆಳಿಗ್ಗೆ ಹತ್ತು ಗಂಟೆ. ಮನೆಗಳ ಶಾಖ ಅಳೆಯುವ ಪರೀಕ್ಷಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ನಾನೊಬ್ಬಳೇ ಇದ್ದೆ. ಎದುರಿನ ಪರದೆಯ ಮೇಲೆ ಏಳನೇ ನಂಬರಿನ ಮನೆಯ ಪಡುವಣ ಗೋಡೆ ಹರಡಿಕೊಂಡಿತ್ತು. ತಂಪಿದ್ದಲ್ಲಿ ನೀಲಿ, ಶಾಖ ಇದ್ದಲ್ಲಿ ಕೆಂಪು. ನೀಲಿಯ ನಡುವೆ ಒಂದು ಅಗಲವಾದ ಕೆಂಪು ಕಲೆ ಕಂಡಿತು. ಮೇಲೆ ಎರಡು ಭುಜ, ಕೆಳಗೆ ಸೊಂಟ, ಸೊಂಟಕ್ಕೆ ಅಡ್ಡಲಾಗಿ ನಾಲ್ಕು ಬೆರಳಗಲದ ನೀಲಿ ಪಟ್ಟಿ. ಆ ಪಟ್ಟಿ ನನಗೆ ಗೊತ್ತಿತ್ತು. ನನ್ನ ಗಂಡ ಅಣವೀರ ಇಪ್ಪತ್ತೆರಡು ವರ್ಷ ಬಸ್ ಓಡಿಸಿ ಬೆನ್ನು ಕೆಡಿಸಿಕೊಂಡವರು. ಸೊಂಟಕ್ಕೆ ದಪ್ಪ ಪಟ್ಟಿ ಕಟ್ಟಿಕೊಳ್ಳದೆ ಹೊರಗೆ ಕಾಲಿಡುವುದಿಲ್ಲ. ಮೈಯ ಶಾಖ ಹೊರಗೆ ಬರದ ಹಾಗೆ ತಡೆಯುವಷ್ಟು ದಪ್ಪ ಪಟ್ಟಿ ಅದು. ದಿನಾ ಬೆಳಿಗ್ಗೆ ಅದನ್ನು ಬಿಗಿದು ಕಟ್ಟುವವಳು ನಾನು.

ಆ ಬೆನ್ನಿನ ಪಕ್ಕದಲ್ಲಿ, ಅದಕ್ಕೆ ತಾಗಿದ ಹಾಗೆ, ಇನ್ನೊಂದು ಬೆನ್ನಿತ್ತು. ಚಿಕ್ಕದು, ಸಪೂರ, ಹೆಂಗಸಿನದು.

ಯಂತ್ರ ಸಮಯವನ್ನೂ ತೋರಿಸುತ್ತಿತ್ತು. ಹಿಂದಿನ ದಿನ ಸಂಜೆ ಐದು. ಇಬ್ಬರದೂ ಅದೇ ಹೊತ್ತು.

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನೀವೇ ಅರ್ಧದಲ್ಲಿ ಕಂಡುಹಿಡಿಯುತ್ತೀರಿ, ಅದಕ್ಕೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಾಲೆಯಲ್ಲಿ ನನಗಿಂತ ಒಂದು ಅಂಕ ಹೆಚ್ಚು ತೆಗೆದ ಹುಡುಗಿಯ ಹೆಸರು ಇವತ್ತಿಗೂ ನನಗೆ ನೆನಪಿದೆ. ಆದರೆ ಆವತ್ತಿನವರೆಗೆ ನನ್ನ ಹೊಟ್ಟೆಕಿಚ್ಚೆಲ್ಲ ಗೋಡೆಗಳ ಮೇಲಿತ್ತು, ಗಂಡನ ಮೇಲೆ ತಿರುಗಿರಲಿಲ್ಲ.

ಗೋಡೆಗಳ ಮೇಲೆ ಯಾಕೆ ಎಂದು ಹೇಳಬೇಕು. ಕಲಬುರಗಿಯ ಕಡೆ ವರ್ಷಕ್ಕೆ ತೊಂಬತ್ತು ದಿನ ಬಿಸಿಲು ನಲವತ್ತೇಳು ಡಿಗ್ರಿ ದಾಟುವ ಕಾಲ ಇದು. ಎಲ್ಲರೂ ಒಮ್ಮೆಗೇ ತಂಪು ಯಂತ್ರ ಹಾಕಿದರೆ ಕರೆಂಟಿನ ಜಾಲವೇ ಕುಸಿಯುತ್ತದೆ ಎಂದು ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಅವುಗಳನ್ನು ಕಾನೂನಿನಿಂದಲೇ ನಿಲ್ಲಿಸಿದ್ದಾರೆ. ಆ ಐದು ಗಂಟೆ ಮನುಷ್ಯನನ್ನು ಮನೆಯೇ ಕಾಪಾಡಬೇಕು. ಎಂಥ ಮನೆ ಕಾಪಾಡುತ್ತದೆ ಎಂದು ನೋಡಲು ಶಹಾಬಾದ್ ದಾರಿಯ ಪಕ್ಕ, ನೆಲಕ್ಕೆ ಹಾಸುವ ಫರಸಿಕಲ್ಲಿನ ಹಳೆಯ ಗಣಿಗಳ ಬಯಲಿನಲ್ಲಿ ಹನ್ನೆರಡು ಮನೆ ಕಟ್ಟಿಸಿದರು. ಕಟ್ಟಿದವರೇ ಅದರಲ್ಲಿ ಸಂಸಾರ ಮಾಡಬೇಕು ಎನ್ನುವುದು ಮೊದಲ ನಿಯಮ. ಮಧ್ಯಾಹ್ನದ ಆ ಹೊತ್ತಿನಲ್ಲಿ ಮನೆಯೊಳಗಿನ ಶಾಖ ಮೂವತ್ತನಾಲ್ಕು ಡಿಗ್ರಿಯನ್ನು ಮೂರು ದಿನ ದಾಟಿದರೆ ಆ ಮನೆಯನ್ನು ಕೆಡವಬೇಕು ಎನ್ನುವುದು ಎರಡನೆಯದು. ಮಾರ್ಚ್ ಹೊತ್ತಿಗೆ ಹತ್ತು ಮನೆ ಬಿದ್ದಿದ್ದವು. ಉಳಿದದ್ದು ಎರಡು. ಹನ್ನೆರಡನೇ ನಂಬರಿನದು ನನ್ನದು, ಏಳನೆಯದು ಜಗದೇವಿಯದು.

ನಾನು ಶಾಖದ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವಳು. ನನ್ನ ಮನೆಯ ಗೋಡೆ ಜೋಳದ ದಂಟನ್ನು ಒತ್ತಿ ಮಾಡಿದ ಹಲಗೆಗಳದು. ದಂಟಿನೊಳಗಿನ ಸಣ್ಣ ಸಣ್ಣ ಗಾಳಿಯ ಗೂಡುಗಳನ್ನು ದಾಟಿಕೊಂಡು ಬರಲು ಶಾಖಕ್ಕೆ ದಾರಿ ಸಿಗುವುದಿಲ್ಲ, ಹೊರಗಿನದು ಹೊರಗೇ ಉಳಿಯುತ್ತದೆ. ಜಗದೇವಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಮಣ್ಣು ತುಳಿದವಳು. ಅವಳ ಗೋಡೆ ಹೊಟ್ಟು ಕಲಸಿದ ಮಣ್ಣಿನದು, ಒಂದು ಮೊಳ ದಪ್ಪ. ಅದು ಶಾಖವನ್ನು ತಡೆಯುವುದಿಲ್ಲ, ಒಳಗೆ ಕರೆದು ಕೂರಿಸಿಕೊಳ್ಳುತ್ತದೆ. ಒಂದು ಅಂಗುಲ ನಡೆಯಲು ಶಾಖಕ್ಕೆ ಮುಕ್ಕಾಲು ಗಂಟೆ ಬೇಕು. ಮಧ್ಯಾಹ್ನದ ಬಿಸಿಲು ಒಳಮುಖ ತಲುಪುವಷ್ಟರಲ್ಲಿ ಹೊರಗೆ ಕತ್ತಲಾಗಿ, ಕಿಟಕಿ ತೆರೆದು ಗಾಳಿ ಆಡುತ್ತಿರುತ್ತದೆ. ಇಷ್ಟೇ ಅವಳ ವಿದ್ಯೆ. ಇದನ್ನು ಕಲಿಯಲು ನನಗೆ ಆರು ವರ್ಷ ಹಿಡಿಯಿತು, ಅವಳು ನೋಡಿದರೆ "ಗ್ವಾಡಿ ದಪ್ಪ ಇರ್ಬೇಕ್ರಿ ಮೇಡಂ, ಅಷ್ಟೇ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಆ "ಅಷ್ಟೇ" ಕೇಳಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಗೋಡೆಯ ಒಳಗನ್ನು ಓದುವ ಯಂತ್ರವನ್ನು ಮಾಡಿದವಳೂ ನಾನೇ. ಗೋಡೆನಾಡಿ ಎಂದು ಹೆಸರಿಟ್ಟೆ. ರೊಟ್ಟಿಯ ಹಂಚಿನಷ್ಟು ದೊಡ್ಡ ತಟ್ಟೆ ಅದು. ಗೋಡೆಗೆ ಒತ್ತಿ ಹಿಡಿದರೆ ಕಿವಿಗೆ ಕೇಳದ ಸದ್ದನ್ನು ಒಳಗೆ ಕಳಿಸುತ್ತದೆ. ಬಿಸಿ ಮಣ್ಣಿನಲ್ಲಿ ಸದ್ದಿನ ವೇಗವೇ ಬೇರೆ, ತಣ್ಣನೆಯ ಮಣ್ಣಿನಲ್ಲಿ ಬೇರೆ. ಮರಳಿ ಬಂದ ಸದ್ದಿನಿಂದ ಯಾವ ಆಳದಲ್ಲಿ ಎಷ್ಟು ಶಾಖವಿದೆ ಎಂದು ತಿಳಿದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಆ ಶಾಖ ಯಾವಾಗ ಒಳಹೊಕ್ಕಿತು ಎಂದು ಅದು ಹೇಳುತ್ತದೆ. ಒಲೆ ಯಾವಾಗ ಉರಿಯಿತು, ಯಾರು ಎಷ್ಟು ಹೊತ್ತು ಒರಗಿದರು, ಎಲ್ಲವನ್ನೂ ಮಣ್ಣು ಎರಡು ದಿನ ನೆನಪಿಟ್ಟುಕೊಂಡಿರುತ್ತದೆ. ನನ್ನ ಹಲಗೆಗಳಿಗೆ ಅಂಥ ನೆನಪಿಲ್ಲ. ಅವುಗಳ ಮೇಲೆ ಕೈಯಿಟ್ಟು ತೆಗೆದರೆ ಕೈಯ ಗುರುತು ಒಂದು ನಿಮಿಷವೂ ನಿಲ್ಲುವುದಿಲ್ಲ.

ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಏಳೂವರೆಗೆ ನಾನು ಏಳನೇ ಮನೆಗೆ ಹೋಗುತ್ತಿದ್ದೆ. ಪಡುವಣ ಗೋಡೆಯ ಹೊರಗೆ ಆ ಹೊತ್ತಿನಲ್ಲಿ ನೆರಳು. ಅಲ್ಲೊಂದು ಫರಸಿಗಲ್ಲಿನ ಕಟ್ಟೆ. ಜಗದೇವಿ ಒಂದೇ ಉದ್ದನೆಯ ಕಲ್ಲನ್ನು ಗೋಡೆಯ ಮೂಲಕ ತೂರಿಸಿ, ಒಳಗೂ ಒಂದು ಕಟ್ಟೆ, ಹೊರಗೂ ಒಂದು ಕಟ್ಟೆ ಮಾಡಿದ್ದಳು. ಕಲ್ಲಿನಲ್ಲಿ ಶಾಖ ಬೇಗ ಹರಿಯುತ್ತದೆ, ಇದು ಕಟ್ಟಡದ ದೋಷ ಎಂದು ನಾನು ವರದಿಯಲ್ಲಿ ಕೆಂಪು ಗೆರೆ ಎಳೆದು ಬರೆದಿದ್ದೆ. ಬರೆದದ್ದು ಅದೇ ಕಟ್ಟೆಯ ಮೇಲೆ ಕೂತು. ಗೋಡೆ ಪೂರ್ತಿ ಓದಲು ಯಂತ್ರಕ್ಕೆ ಒಂದೂವರೆ ಗಂಟೆ ಬೇಕು, ಅಷ್ಟು ಹೊತ್ತು ಕಾಯಲು ಅಲ್ಲಿ ಬೇರೆ ಜಾಗವಿರಲಿಲ್ಲ. ಜಗದೇವಿ ಚಹಾ ತಂದಿಡುತ್ತಿದ್ದಳು. ನಾನು ಕುಡಿಯುತ್ತಿರಲಿಲ್ಲ.

ಇಷ್ಟು ಹಿನ್ನೆಲೆ. ಈಗ ಆ ಎರಡು ಬೆನ್ನಿಗೆ ಬರೋಣ.

ಆ ಸಂಜೆ ನನ್ನ ಗಂಡ ಆರು ಗಂಟೆಗೆ ಮನೆಗೆ ಬಂದರು. ಅವರ ಪಾಳಿ ಮುಗಿಯುವುದು ನಾಲ್ಕೂವರೆಗೆ. ಡಿಪೋ ಇರುವುದು ಬಯಲಿನ ಆಚೆ ತುದಿಯಲ್ಲಿ, ನಡೆದರೆ ಹತ್ತು ನಿಮಿಷ.

"ತಡಾ ಆತಲ್ರಿ?" ಎಂದೆ, ರೊಟ್ಟಿ ಬಡಿಯುತ್ತಾ.

"ಚಾರ್ಜಿಂಗ್ ಲೈನ್ ಉದ್ದಿತ್ತು ನೋಡು. ಬ್ಯಾಸಗ್ಯಾಗ ಬಸ್ಸಿಗೂ ದಣಿವಾಗ್ತದ."

"ದಿನಾ ಉದ್ದೇ ಇರ್ತದೇನ್ರಿ ಅದು?"

ಅವರು ನೀರು ಕುಡಿದು, ನಡುಮನೆಯಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತರು. ಗೋಡೆಯಿಂದ ಒಂದು ಗೇಣು ದೂರ. ನಮ್ಮ ಮನೆಯಲ್ಲಿ ಎಲ್ಲ ಕುರ್ಚಿಗಳೂ ಗೋಡೆಯಿಂದ ಒಂದು ಗೇಣು ದೂರವೇ. ದಂಟಿನ ಹಲಗೆಯ ಮೇಲಿನ ಸುಣ್ಣದ ಪದರ ತೆಳುವಾದದ್ದು, ಒರಗಿದರೆ ತಗ್ಗು ಬೀಳುತ್ತದೆ. "ಒರಗಬ್ಯಾಡ್ರಿ" ಎನ್ನುವುದು ಈ ಮನೆಗೆ ಬಂದಾಗಿನಿಂದ ನನ್ನ ಬಾಯಿಪಾಠವಾಗಿತ್ತು. ಪಾಪ, ಅವರು ಒಮ್ಮೆಯೂ ಒರಗಲಿಲ್ಲ.

ಅವರ ಮುಖ ನೋಡಿದೆ. ಸುಳ್ಳು ಹೇಳಲು ಬರದ ಮನುಷ್ಯ, ಹೇಳಿದ ಮೇಲೆ ಕಿವಿ ಕೆಂಪಾಗುತ್ತದೆ. ಆವತ್ತೂ ಕೆಂಪಾಗಿತ್ತು. ಬಿ.ಎಸ್ಸಿ ಓದುವಾಗ ನಾನು ಅವರ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಪುಸ್ತಕ ಬಿಡಿಸುತ್ತಿದ್ದೆ. ನಾನು ಓದುತ್ತಿದ್ದೇನೆ ಎಂದು ಗುಂಡಿಗಳಲ್ಲಿ ಅವರು ಬಸ್ಸನ್ನು ಎಷ್ಟು ನಿಧಾನ ಇಳಿಸುತ್ತಿದ್ದರೆಂದರೆ ಹಿಂದಿನವರು ಬೈಯುತ್ತಿದ್ದರು. ಅಂಥವರು ಈಗ ಮಣ್ಣು ತುಳಿಯುವವಳ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ ಎಂದುಕೊಂಡಾಗ ರೊಟ್ಟಿ ಕೈಯಲ್ಲೇ ಹರಿಯಿತು. ನೇರವಾಗಿ ಕೇಳಿಬಿಡಬಹುದಿತ್ತು. ಕೇಳಿದರೆ "ಹೌದು" ಎಂದುಬಿಟ್ಟಾರು ಎನ್ನುವ ಹೆದರಿಕೆಗೆ ಕೇಳಲಿಲ್ಲ. ಇಡೀ ಜಗತ್ತಿನಲ್ಲಿ ಇದೊಂದು ಜೀವ ನನ್ನದು ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಉಳಿಯುತ್ತದೋ ಇಲ್ಲವೋ ಎನ್ನುವುದೇ ನನ್ನ ಸಂಕಟವಾಗಿತ್ತು.

ಮರುದಿನ ಯಂತ್ರ ಮತ್ತೆ ಎರಡು ಬೆನ್ನು ತೋರಿಸಿತು. ಅದರ ಮರುದಿನವೂ. ಹಿಂದಿನ ದಾಖಲೆಗಳನ್ನೆಲ್ಲ ತೆಗೆದು ನೋಡಿದೆ. ಜನವರಿಯಿಂದಲೂ ಹೀಗೇ ಇತ್ತು. ನಾನು ಒಟ್ಟು ಶಾಖವನ್ನಷ್ಟೇ ನೋಡುತ್ತಿದ್ದವಳು, ಕಲೆಗಳ ಕಡೆ ಕಣ್ಣೇ ಹಾಯಿಸಿರಲಿಲ್ಲ.

ನಾಲ್ಕನೇ ಬೆಳಿಗ್ಗೆ ಜಗದೇವಿ ಚಹಾ ಇಟ್ಟ ಮೇಲೆ ಹೋಗಲಿಲ್ಲ, ನಿಂತಳು. ನಲವತ್ತರ ಹೆಂಗಸು, ಮೊಣಕೈವರೆಗೆ ಮಣ್ಣು.

"ಅಣ್ಣಾರ್ ಬೆನ್ನ ಈಗ ಹ್ಯಾಂಗದರಿ ಮೇಡಂ?"

"ನಿನಗ್ಯಾಕ ಅದು?"

ನನ್ನ ಧ್ವನಿಗೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಸುಮ್ನ ಕೇಳ್ದೆರಿ" ಎಂದು ಒಳಗೆ ಹೋದಳು. ಅಣ್ಣಾರಂತೆ! ಅಣ್ಣ ಎಂದು ಕರೆದುಬಿಟ್ಟರೆ ಎಲ್ಲ ಮುಚ್ಚಿಹೋಗುತ್ತದೆಯೇ ಎಂದು ನಾನು ಹಲ್ಲು ಕಚ್ಚಿದೆ. ನನ್ನ ಗಂಡನ ಬೆನ್ನು ಎಷ್ಟು ನೋಯುತ್ತದೆ ಎಂದು ನನಗಿಂತ ಮೊದಲು ಅವಳು ಕೇಳುವಂತಾಯಿತಲ್ಲ ಎನ್ನುವುದೇ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಆ ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿ ಕೂತು ಒಂದು ಟಿಪ್ಪಣಿ ಬರೆದೆ. ಏಳನೇ ಮನೆಯಲ್ಲಿ ಗೋಡೆಯನ್ನು ತೂರಿದ ಕಲ್ಲಿನಿಂದ ಶಾಖ ಒಳಗೆ ಬರುತ್ತಿದೆ, ಆದ್ದರಿಂದ ಗೋಡೆಗಳ ಒಳಮುಖಕ್ಕೆ ದಂಟಿನ ಹಲಗೆ ಹಚ್ಚಿ ಸುಧಾರಿಸುವುದು. ಕೇಂದ್ರದಲ್ಲಿ ಶಾಖದ ವಿಷಯಕ್ಕೆ ನನ್ನ ಮಾತೇ ಕೊನೆ. ಸಮಿತಿಯವರು ಓದದೆ ಸಹಿ ಹಾಕಿದರು.

ನನಗೆ ಗೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ, ಗೊತ್ತಿದ್ದೇ ಮಾಡಿದೆ. ಹಲಗೆಯನ್ನು ಒಳಗೆ ಹಚ್ಚಿದರೆ ಅಷ್ಟು ದಪ್ಪ ಮಣ್ಣು ಕೋಣೆಗೆ ಸಿಗದ ಹಾಗಾಗುತ್ತದೆ. ಒಲೆಯ ಬಿಸಿ, ಮನುಷ್ಯರ ಬಿಸಿ, ಕಿಟಕಿಯಿಂದ ನುಗ್ಗಿದ ಬಿಸಿ, ಯಾವುದನ್ನೂ ಗೋಡೆ ಹೀರಿಕೊಳ್ಳಲಾರದು. ಎಲ್ಲ ಗಾಳಿಯಲ್ಲೇ ಉಳಿದು ಕೋಣೆ ಕಾಯುತ್ತದೆ. ಜೊತೆಗೆ, ಹಲಗೆಗೆ ಯಾರೂ ಒರಗುವಂತಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಅದೇ.

ಹಲಗೆ ಹಚ್ಚಲು ಬಂದ ದಿನ ಜಗದೇವಿ ಬಾಗಿಲಿಗೆ ಅಡ್ಡ ನಿಂತಳು.

"ಮೇಡಂ, ಹಚ್ಚೋದಿದ್ರ ಹೊರಗ ಹಚ್ರಿ. ಒಳಗ ಹಚ್ಚಿದ್ರ ಗ್ವಾಡಿ ಇದ್ದೂ ಇಲ್ಲದಂಗ ಆಗ್ತದ."

"ನೀನು ನನಗ ಕಲಿಸ್ತೀಯೇನು?"

"ಕಲಿಸೂದಲ್ರಿ. ಕೈ ಮುಗಿತೀನಿ. ನಮ್ಮಪ್ಪಗ ಎಂಬತ್ತು ದಾಟ್ಯಾವ, ಝಳ ತಡಕೊಳಂಗಿಲ್ಲ."

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹೊರಗೆ ಹಚ್ಚಿದರೆ ಬಿಸಿಲು ಮಣ್ಣನ್ನು ಮುಟ್ಟುವುದಿಲ್ಲ, ಒಳಗಿನ ಬಿಸಿಯನ್ನು ಮಾತ್ರ ಮಣ್ಣು ಹೀರುತ್ತದೆ. ನಾನು ಸಮಿತಿಯ ಸಹಿ ತೋರಿಸಿದೆ. ಒಳಗೆ ಹಗ್ಗ ಹೆಣೆದ ಹೊರಸಿನ ಮೇಲೆ ಅವಳ ಅಪ್ಪ ಸಾಯಬಣ್ಣ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಕೆಲಸದವರು ಎಲ್ಲಕ್ಕಿಂತ ಮೊದಲು ಪಡುವಣ ಗೋಡೆಯನ್ನೇ ಮುಚ್ಚಿದರು. ಅಲ್ಲಿ ನಿಂತು ಹೇಳಿಸಿದವಳು ನಾನು.

ಆ ವಾರ ನನ್ನ ಗಂಡ ನಾಲ್ಕೂಮುಕ್ಕಾಲಿಗೆ ಮನೆಗೆ ಬರತೊಡಗಿದರು. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಐದು ನಿಮಿಷಕ್ಕೊಮ್ಮೆ ಎಡಕ್ಕೆ ಬಲಕ್ಕೆ ಸರಿಯುತ್ತಿದ್ದರು. "ಬೆನ್ನ ನೋಯ್ತದೇನ್ರಿ?" ಎಂದರೆ "ಇಲ್ಲ ಬಿಡು" ಎನ್ನುತ್ತಿದ್ದರು. ನನಗೆ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಈ ಮನುಷ್ಯ ಅವಳ ನೆನಪಿನಲ್ಲಿ ಚಡಪಡಿಸುತ್ತಿದ್ದಾರೆ ಎಂದು ಇನ್ನೂ ಉರಿದುಕೊಂಡೆ.

ಮಾರ್ಚ್ ಇಪ್ಪತ್ತೆಂಟರಂದು ಪರದೆಯ ಮೇಲೆ ಏಳನೇ ಮನೆ ಮೊದಲ ಸಲ ಮೂವತ್ತನಾಲ್ಕು ದಾಟಿತು. ಏಪ್ರಿಲ್ ಎರಡಕ್ಕೆ ಎರಡನೇ ಸಲ. ಇನ್ನೊಂದು ಸಲ ದಾಟಿದರೆ ಮನೆ ಬೀಳುತ್ತದೆ. ನಾನು ಎರಡೂ ದಿನ ಪರದೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿದ್ದೆ.

ಆ ಎರಡನೇ ದಿನವೇ, ಮಧ್ಯಾಹ್ನ ಮೂರು ಗಂಟೆಗೆ, ಗಂಡನ ಫೋನು ಬಂತು. ಅವತ್ತು ಅವರಿಗೆ ರಜೆ.

"ನಂದಾ, ಲಗೂನ ಮನಿಗಿ ಬಾ. ಮುತ್ಯಾ ಎಚ್ಚರ ತಪ್ಯಾನ."

"ಯಾವ ಮುತ್ಯಾ?"

"ಜಗದೇವಿ ಅಪ್ಪ. ಎತ್ಗೊಂಡ್ ನಮ್ಮನಿಗೆ ತಂದೀನಿ."

ಕೇಂದ್ರದ ವೈದ್ಯರನ್ನು ಕರೆದುಕೊಂಡು ಓಡಿದೆ. ಕೆಟ್ಟ ಬೆನ್ನಿನ ಈ ಮನುಷ್ಯ ಆ ಮುದುಕರನ್ನು ನಲವತ್ತೆಂಟು ಡಿಗ್ರಿ ಬಿಸಿಲಿನಲ್ಲಿ ಐದು ಮನೆಗಳ ದೂರ ಹೊತ್ತು ತಂದಿದ್ದರು. ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಸಾಯಬಣ್ಣ ಮಲಗಿದ್ದರು. ಜಗದೇವಿ ಒದ್ದೆ ಬಟ್ಟೆಯಿಂದ ಅವರ ಎದೆ ಒರೆಸುತ್ತಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವೈದ್ಯರು ಸಲೈನ್ ಹಾಕಿದರು. ಅರ್ಧ ಗಂಟೆಗೆ ಮುದುಕರು ಕಣ್ಣು ಬಿಟ್ಟರು. ಪ್ರಾಣಕ್ಕೆ ಅಪಾಯವಿಲ್ಲ ಎಂದರು ವೈದ್ಯರು. ಅಷ್ಟರಲ್ಲಿ ಬಾಗಿಲು ನಾಲ್ಕು ಸಲ ತೆರೆದು, ಐದು ಜನರ ಉಸಿರು ಸೇರಿ, ನನ್ನ ಹೆಮ್ಮೆಯ ಮನೆಯೂ ಬೆವರುತ್ತಿತ್ತು. ಬಿಸಿಯನ್ನು ಹೀರಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಸಾಯಬಣ್ಣ ಎದ್ದು ಕೂತು, ಅಭ್ಯಾಸಬಲದಿಂದ ಹಿಂದಕ್ಕೆ ಗೋಡೆಯ ಕಡೆ ವಾಲಿದರು. ನನ್ನ ಗಂಡ ಗಾಬರಿಯಿಂದ ಅವರ ಭುಜ ಹಿಡಿದರು.

"ಮುತ್ಯಾ, ಒರಗಬ್ಯಾಡ್ರಿ. ಈ ಗ್ವಾಡಿ ತಗ್ಗ್ ಬೀಳ್ತದ."

ಹೇಳಿ ನನ್ನ ಮುಖ ನೋಡಿದರು, ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ. ಸಾಯಬಣ್ಣ ನಕ್ಕರು. "ಹೌದಪ್ಪಾ, ಅದಕ್ಕೇ ಅಲ್ಲೇನು ನೀ ನಮ್ಮ ಮನಿಗಿ ಬರ್ತಿದ್ದಿ" ಎಂದರು.

ಅವರಿಬ್ಬರನ್ನೂ ಕೇಂದ್ರದ ಆಸ್ಪತ್ರೆಯ ಕೋಣೆಗೆ ಕಳಿಸಿದ ಮೇಲೆ ಗಂಡನನ್ನು ಎದುರಿಗೆ ಕೂರಿಸಿಕೊಂಡೆ.

"ಏನ್ರಿ ಅದು, ಅದಕ್ಕೇ ಬರ್ತಿದ್ದಿ ಅಂದ್ರ?"

ಅವರ ಕಿವಿ ಕೆಂಪಾಯಿತು. "ಬೆನ್ನ ನಂದಾ. ಪಾಳಿ ಮುಗಿಸಿ ಒಂದ್ ತಾಸು ಗಟ್ಟಿ ಗ್ವಾಡಿಗೆ ಒರಗಿದ್ರ ಸೆಟದದ್ದು ಬಿಡ್ತದ. ಮುತ್ಯಾನ ಸಂಗಟ ಹುಲಿ-ಕುರಿ ಆಟ ಆಡ್ಕೋತ ಕೂಡ್ತಿದ್ದೆ. ಅಂವ ಹೊರಸಿನ ಮ್ಯಾಲ, ನಾ ಕಟ್ಟಿ ಮ್ಯಾಲ."

"ನನಗ್ಯಾಕ ಹೇಳಿಲ್ಲ?"

"ಹ್ಯಾಂಗ ಹೇಳ್ಲಿ? ನೀ ಹದಿನೈದು ವರ್ಷ ಜೀವಾ ತೇದು ಈ ಗ್ವಾಡಿ ಮಾಡೀದಿ. ನಿನ್ನ ಗ್ವಾಡಿಗಿಂತ ಆಕಿ ಗ್ವಾಡಿ ನನ್ನ ಬೆನ್ನಿಗಿ ಛಲೋ ಅನಸ್ತದ ಅಂದ್ರ ನೀ ತಡ್ಕೊತಿದ್ದೇನು?"

ತಡೆದುಕೊಳ್ಳುತ್ತಿರಲಿಲ್ಲ. ಅದು ನಿಜ. ಆದರೆ ನಾನು ಅಲ್ಲಿಗೇ ಬಿಡುವವಳಲ್ಲ.

"ಮತ್ತ ನಿಮ್ಮ ಪಕ್ಕದಾಗ ಯಾರ್ ಕೂಡ್ತಿದ್ರು?"

"ಪಕ್ಕದಾಗ ಯಾರೂ ಇಲ್ಲ."

"ಜಗದೇವಿ?"

"ಆಕಿ ಆ ಹೊತ್ತಿನಾಗ ಕೆಲಸದ ಮ್ಯಾಲ ಇರ್ತಾಳ. ಏನ್ ಕೇಳ್ಲಕತ್ತೀದಿ ನೀನು?"

ಈ ಸಲ ಕಿವಿ ಕೆಂಪಾಗಲಿಲ್ಲ. ಅದನ್ನು ನೋಡಿಯೂ ನಂಬಲು ನನಗೆ ಆಗಲಿಲ್ಲ. ಗಂಡ ಸುಳ್ಳು ಹೇಳಬಹುದು, ನನ್ನ ಯಂತ್ರ ಹೇಳುವುದಿಲ್ಲ ಎಂದು ಚಪ್ಪಲಿ ಮೆಟ್ಟಿ ಮತ್ತೆ ನಿಯಂತ್ರಣ ಕೊಠಡಿಗೆ ಹೋದೆ. ಎರಡು ಬೆನ್ನಿನ ಚಿತ್ರವನ್ನು ತಂದು ಅವರ ಮುಂದೆ ಹಿಡಿಯಬೇಕೆಂದಿದ್ದೆ.

ಚಿತ್ರ ತೆರೆದೆ. ಹಲಗೆ ಹಚ್ಚುವ ಮೊದಲಿನ ಎರಡು ತಿಂಗಳ ದಾಖಲೆ. ಅವರ ಬೆನ್ನು, ಪಟ್ಟಿಯ ಸಮೇತ. ಪಕ್ಕದಲ್ಲಿ ಆ ಸಪೂರ ಬೆನ್ನು. ಒಂದೊಂದೇ ದಿನ ತಿರುಗಿಸುತ್ತಾ ಹೋದೆ. ಸೋಮವಾರದ ಓದುಗಳಲ್ಲಿ ಅವರ ಬೆನ್ನು ಮಾತ್ರ ಇತ್ತು, ಇನ್ನೊಂದು ಇರಲಿಲ್ಲ. ಅಂದರೆ ಭಾನುವಾರ ಆ ಹೆಂಗಸು ಬಂದಿಲ್ಲ. ಭಾನುವಾರ ಜಗದೇವಿಗೆ ರಜೆ, ಇಡೀ ದಿನ ಮನೆಯಲ್ಲೇ ಇರುತ್ತಾಳೆ. ಅಂಥ ದಿನವೇ ಯಾಕೆ ಇಲ್ಲ? ಫೆಬ್ರವರಿ ಹದಿನಾಲ್ಕರಿಂದ ಮೂರು ದಿನ ಕೂಡ ಆ ಬೆನ್ನಿಲ್ಲ. ಆ ಮೂರು ದಿನ ನನ್ನ ಬದಲು ಸಹಾಯಕರು ತಟ್ಟೆಯನ್ನು ಗೋಡೆಗೆ ಕಟ್ಟಿ ಹೋಗಿದ್ದರು, ನಾನು ಧಾರವಾಡದಲ್ಲಿ ಸಭೆಗೆ ಹೋಗಿದ್ದೆ.

ಕೈ ನಿಂತಿತು.

ಗೋಡೆನಾಡಿಯ ಲೆಕ್ಕವನ್ನು ಬರೆದ ಕಡತ ತೆರೆದೆ. ಮೊದಲ ಸಾಲಿನಲ್ಲೇ ಇತ್ತು, ನನ್ನ ಕೈಯಾರೆ ಬರೆದದ್ದು: ಹೊರಮುಖದಿಂದ ಬರುವ ಗುರುತುಗಳು ಸೊನ್ನೆ. ಈ ಯಂತ್ರವನ್ನು ನಾನು ಮೊದಲು ಮಾಡಿದ್ದು ನನ್ನ ದಂಟಿನ ಹಲಗೆಗೆ. ಅಲ್ಲಿ ಹೊರಗಿನದು ಒಳಗೆ ಬರುವುದೇ ಇಲ್ಲ, ಬಾರದಿರಲಿ ಎಂದೇ ನಾನು ಬದುಕು ಸವೆಸಿದ್ದು. ಮಣ್ಣಿನ ಗೋಡೆಗೆ ಎರಡು ಮುಖ ಎನ್ನುವುದು ಮಣ್ಣು ತುಳಿಯುವ ಯಾರಿಗಾದರೂ ಗೊತ್ತು. ಶಾಖ ತಡೆಯುವ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆದವಳು ಮಾತ್ರ ಅದನ್ನು ಮರೆಯಬಲ್ಲಳು.

ಆ ಸಾಲನ್ನು ಅಳಿಸಿದೆ. ಎರಡೂ ಮುಖಗಳಿಂದ ಶಾಖ ಬರುತ್ತದೆ ಎಂದು ಲೆಕ್ಕ ಬದಲಿಸಿ ಮತ್ತೆ ಓಡಿಸಿದೆ. ನಲವತ್ತು ನಿಮಿಷ ಹಿಡಿಯಿತು.

ಅಗಲವಾದ ಬೆನ್ನು ಅಲ್ಲೇ ನಿಂತಿತು. ಒಳಮುಖ, ಸಂಜೆ ಐದು. ಸಪೂರ ಬೆನ್ನು ಜಾಗ ಬಿಟ್ಟು ಗೋಡೆಯ ಆಚೆಗೆ ಹೋಯಿತು. ಹೊರಮುಖ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತು. ಅದರ ಎಡ ಭುಜ ಬಲಕ್ಕಿಂತ ಒಂದು ಅಂಗುಲ ಕೆಳಗಿತ್ತು. ಇಪ್ಪತ್ತು ವರ್ಷ ಒಂದೇ ಭುಜಕ್ಕೆ ಚೀಲ ಹಾಕಿಕೊಂಡು ನನ್ನ ಎಡ ಭುಜ ಇಳಿದಿದೆ. ರವಿಕೆ ಹೊಲಿಯುವವಳು ಪ್ರತಿ ಸಲ ಬೈಯುತ್ತಾಳೆ.

ಆ ಕಟ್ಟೆಯ ಮೇಲೆ ಕೂತು, ಒರಗಿ, ದಿನಾ ಜಗದೇವಿಯ ಗೋಡೆಯ ತಪ್ಪು ಹುಡುಕಿದವಳು ನಾನೇ. ಮನೆಯಲ್ಲಿ ಗಂಡನಿಗೆ ಒರಗಬ್ಯಾಡ್ರಿ ಎಂದವಳು, ಅಲ್ಲಿ ಒಂದೂವರೆ ಗಂಟೆ ಒರಗಿ ಕೂರುತ್ತಿದ್ದೆ. ನನ್ನ ಬೆನ್ನಿನ ಶಾಖ ಮಣ್ಣಿನೊಳಗೆ ಅಂಗುಲ ಅಂಗುಲವಾಗಿ ನಡೆದು ಸಂಜೆಯ ಹೊತ್ತಿಗೆ ನನ್ನ ಗಂಡನ ಬೆನ್ನಿನ ಬಳಿ ತಲುಪಿತ್ತು. ಒಂದು ತಿಂಗಳು ನಾನು ನನ್ನ ಮೇಲೆಯೇ ಹೊಟ್ಟೆಕಿಚ್ಚು ಪಟ್ಟಿದ್ದೆ. ಅದಕ್ಕೆ ಒಬ್ಬ ಮುದುಕರ ಪ್ರಾಣ ಹೋಗುವುದರಲ್ಲಿತ್ತು.

ಅಲ್ಲೇ ಕೂತು ಅತ್ತೆ. ನಾಚಿಕೆಗೆ ಅತ್ತೆ. ಆಮೇಲೆ ಸಮಿತಿಗೆ ಇನ್ನೊಂದು ಟಿಪ್ಪಣಿ ಬರೆದೆ: ಏಳನೇ ಮನೆ ಎರಡು ಸಲ ಮೂವತ್ತನಾಲ್ಕು ದಾಟಿದ್ದು ಗೋಡೆಯ ದೋಷದಿಂದಲ್ಲ, ನಾನು ತಿಳಿದೂ ಕೊಟ್ಟ ತಪ್ಪು ಸಲಹೆಯಿಂದ. ಆ ಎರಡನ್ನೂ ಅಳಿಸಬೇಕು, ಶಾಖ ವಿಭಾಗದ ಮುಖ್ಯಸ್ಥೆಯ ಸ್ಥಾನದಿಂದ ನನ್ನನ್ನು ಬಿಡಿಸಬೇಕು. ಕಳಿಸಿ, ಉಪಕರಣಗಳ ಕೋಣೆಯಿಂದ ಸ್ಕ್ರೂ ಬಿಚ್ಚುವ ಯಂತ್ರ ತೆಗೆದುಕೊಂಡು ಏಳನೇ ಮನೆಗೆ ನಡೆದೆ.

ಬಾಗಿಲು ತೆರೆದೇ ಇತ್ತು. ನಾಲ್ಕು ಹಲಗೆ ಬಿಚ್ಚುವಷ್ಟರಲ್ಲಿ ಜಗದೇವಿ ಆಸ್ಪತ್ರೆಯಿಂದ ಅಪ್ಪನ ಬಟ್ಟೆ ಒಯ್ಯಲು ಬಂದಳು. ಬಾಗಿಲಲ್ಲೇ ನಿಂತಳು.

"ಇದೇನ್ ಮಾಡ್ಲಕತ್ತೀರಿ?"

"ಬಿಚ್ಚಲಕತ್ತೀನಿ. ನೀನು ಹೇಳಿದ್ದು ಖರೆ ಇತ್ತು. ನನಗೂ ಗೊತ್ತಿತ್ತು. ಹೊಟ್ಟಿಕಿಚ್ಚಿಗೆ ಮಾಡಿದೆ."

"ಗ್ವಾಡಿ ಮ್ಯಾಲೇನ್ರಿ?"

"ಗ್ವಾಡಿ ಮ್ಯಾಲೂ. ನಿನ್ನ ಮ್ಯಾಲೂ. ನನ್ನ ಗಂಡ ನಿನ್ನ ಸಂಗಟ..." ಎಂದು ಹಲಗೆಯ ಕಡೆ ತಿರುಗಿದೆ.

ಜಗದೇವಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು. "ನಾ ಅವ್ರಿಗೆ ಅಣ್ಣ ಅಂತೀನ್ರಿ. ಬಾಯಿಮಾತಿಗೆ ಅನ್ನೋದಲ್ಲ. ನಮ್ಮಪ್ಪ ಹೋಗಿಬಿಟ್ಟಿದ್ರ ಏನ್ ಮಾಡ್ತಿದ್ರಿ ಮೇಡಂ?"

ನಾನು ಕೈಯಲ್ಲಿದ್ದ ಹಲಗೆಯ ಕೊನೆಯ ಸ್ಕ್ರೂ ಬಿಚ್ಚಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಚ್ಚಿದ ಹಲಗೆಯ ಇನ್ನೊಂದು ತುದಿ ಹಿಡಿದಳು.

"ಹಗೂರಕ ಹಿಡೀರಿ. ಮುರೀಬ್ಯಾಡ್ರಿ. ಹೊರಗ ಹಚ್ಚಾಕ ಬೇಕು."

ಹಲಗೆಗಳನ್ನು ಹೊರಗೆ ಹಚ್ಚಲು ಆರು ದಿನ ಹಿಡಿಯಿತು. ಅವುಗಳ ಮೇಲೆ ಜಗದೇವಿ ಸುಣ್ಣ ಬೆರೆಸಿದ ಮಣ್ಣು ಮೆತ್ತಿದಳು, ಮಳೆಗೂ ಜಗ್ಗದ ಹಾಗೆ. ಗೋಡೆ ತೂರಿದ ಕಲ್ಲಿನ ಬಗ್ಗೆ ನಾನು ಕೆಂಪು ಗೆರೆ ಎಳೆದದ್ದು ಮಾತ್ರ ಸರಿಯಾಗಿತ್ತು ಎಂದು ಅವಳ ಅಪ್ಪನೇ ಒಪ್ಪಿದರು. ಗಣಿಯ ಕೆಲಸದವರನ್ನು ಕರೆಸಿ ಹೊರಗಿನ ಕಟ್ಟೆಯನ್ನು ಗೋಡೆಯ ಮಟ್ಟಕ್ಕೆ ಕೊಯ್ಯಿಸಿದರು. ಒಳಗಿನದು ಉಳಿಯಿತು. ಮೇ ತಿಂಗಳಲ್ಲಿ ಬಿಸಿಲು ನಲವತ್ತೊಂಬತ್ತಕ್ಕೆ ಏರಿದ ವಾರ ಪರದೆಯ ಮೇಲೆ ಏಳನೇ ಮನೆ ಮೂವತ್ತು ಡಿಗ್ರಿ ತೋರಿಸಿತು. ಮೂವತ್ತೊಂದಕ್ಕೆ ಒಮ್ಮೆಯೂ ಹೋಗಲಿಲ್ಲ. ಅದೇ ವಾರ ನನ್ನ ಹನ್ನೆರಡನೆಯದು ಮೂರನೇ ಸಲ ಗೆರೆ ದಾಟಿ ಕೆಡವುವ ಪಟ್ಟಿಗೆ ಸೇರಿತು. ಹೊಸ ಮುಖ್ಯಸ್ಥರ ಕೈಕೆಳಗೆ ಕೂತು ಅದನ್ನು ದಾಖಲಿಸಿದವಳೂ ನಾನೇ. ನನ್ನ ಹೊಟ್ಟೆ ಉರಿಯಲಿಲ್ಲವೇ? ಉರಿಯಿತು, ಯಾಕೆ ಸುಳ್ಳು ಹೇಳಲಿ. ಆದರೆ ಜಗದೇವಿಯ ಆ ಮನೆಯ ಹೊರಮೈ ನನ್ನದಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಮೇ ಕೊನೆಯ ಒಂದು ಬೆಳಿಗ್ಗೆ ಏಳೂವರೆಗೆ, ಗೋಡೆನಾಡಿಯ ತಟ್ಟೆ ಹಿಡಿದು ಎಂದಿನಂತೆ ಪಡುವಣ ಗೋಡೆಯ ಬಳಿ ಹೋದೆ. ಕೂರಲು ಜಾಗವಿರಲಿಲ್ಲ. ಕಟ್ಟೆ ಇದ್ದಲ್ಲಿ ಈಗ ನುಣ್ಣನೆಯ ಗೋಡೆ. ಒಮ್ಮೆ ನಿಂತೇ ಅದಕ್ಕೆ ಬೆನ್ನು ಕೊಟ್ಟೆ. ಹೊರಗಿನದು ಒಳಗೆ ಹೋಗದ ಹಾಗೆ ಹಲಗೆ ಹಚ್ಚಿದವಳು ನಾನೇ ತಾನೇ. ಇನ್ನು ಇಲ್ಲಿ ಎಷ್ಟು ಹೊತ್ತು ಒರಗಿದರೂ ನನ್ನ ಬೆನ್ನಿನ ಬಿಸಿ ಸಂಜೆ ಅವರನ್ನು ಮುಟ್ಟುವುದಿಲ್ಲ.

ಸಂಜೆ ಐದಕ್ಕೆ ಮತ್ತೆ ಹೋದೆ. ತಟ್ಟೆಯನ್ನು ಕೇಂದ್ರದಲ್ಲೇ ಬಿಟ್ಟಿದ್ದೆ. ಬಾಗಿಲಲ್ಲೇ ನಿಂತೆ. ನನ್ನ ಗಂಡ ಒಳಗಟ್ಟೆಯ ಮೇಲೆ ಗೋಡೆಗೆ ಒರಗಿ, ಎದುರಿನ ಹೊರಸಿನ ಮೇಲಿನ ಸಾಯಬಣ್ಣನವರ ಹುಲಿಯನ್ನು ಕಟ್ಟಿಹಾಕುವ ಯೋಚನೆಯಲ್ಲಿದ್ದರು. ಅವತ್ತು ಕೆಲಸದಿಂದ ಬೇಗ ಬಂದು ಒಲೆಯ ಮುಂದಿದ್ದ ಜಗದೇವಿ ತಲೆ ಎತ್ತಿದಳು.

"ಹೊರಗ ಕೂಡಾಕ ಜಾಗಿಲ್ರಿ ಮೇಡಂ, ಒಳಗ ಬರ್ರಿ. ಇವತ್ತರೆ ಚಾ ಕುಡೀತೀರಿಲ್ಲ?"

ಕುಡಿಯುತ್ತೇನೆ ಎಂದೆ. ಗಂಡ ಆಟದಿಂದ ಕಣ್ಣೆತ್ತದೆ ಕಟ್ಟೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಹೋಗಿ ಕೂತೆ, ಗೋಡೆಯಿಂದ ಒಂದು ಗೇಣು ದೂರ, ನೆಟ್ಟಗೆ.

"ಒರಗು" ಎಂದರು ಅವರು.